ಗಿಂಡಿಯಲ್ಲಿ ಹೊಸೆದ ಮುಪ್ಪುರಿ

ಕರ್ನಾಟಕದಿಂದ ಚೆನ್ನೈಗೆ ಬರುವ ರೈಲುಗಳಲ್ಲಿ ಚಿಕಿತ್ಸೆಗೆಂದು ಹೊರಟವರು ಯಾವತ್ತೂ ಇರುತ್ತಾರೆ. ಕಣ್ಣಿಗೆ ಶಂಕರ ನೇತ್ರಾಲಯ, ಕ್ಯಾನ್ಸರಿಗೆ ಅಡ್ಯಾರ್ ಎನ್ನುವುದು ನಮ್ಮವರ ಬಾಯಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಈ ಊರು ವೈದ್ಯಕೀಯಕ್ಕೆ ಕೊಟ್ಟ ದೊಡ್ಡ ಕಾಣಿಕೆಯೊಂದು ಯಾವ ಆಸ್ಪತ್ರೆಯಿಂದಲೂ ಬಂದದ್ದಲ್ಲ. ಅದು ಬಂದದ್ದು ಮದರಾಸು ವಿಶ್ವವಿದ್ಯಾಲಯದ ಗಿಂಡಿ ಆವರಣದಿಂದ, ಒಬ್ಬ ರೋಗಿಯನ್ನೂ ನೋಡದ ಒಂದು ಭೌತವಿಜ್ಞಾನ ವಿಭಾಗದಿಂದ. ಮುಂದೆ ಸ್ಫಟಿಕ ವಿಜ್ಞಾನ ಮತ್ತು ಜೈವಿಕ ಭೌತವಿಜ್ಞಾನ ವಿಭಾಗವೆಂದು ಹೆಸರಾದ ಆ ಸಂಸ್ಥೆಯ ಕಥೆ ಬೆಂಗಳೂರಿನಲ್ಲಿ ಶುರುವಾಗಿ, ಮದರಾಸಿನಲ್ಲಿ ಬೆಳೆದು, ಮತ್ತೆ ಬೆಂಗಳೂರಿಗೆ ಚಾಚಿಕೊಂಡದ್ದು. ಹಾಗಾಗಿ ಚೆನ್ನೈ ಕನ್ನಡಿಗರ ಸಂಚಿಕೆಯಲ್ಲಿ ಅದಕ್ಕೊಂದು ಜಾಗ ಸಲ್ಲಬೇಕು.

1952ರಲ್ಲಿ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದವರು ಎ. ಲಕ್ಷ್ಮಣಸ್ವಾಮಿ ಮೊದಲಿಯಾರ್. ಸ್ವತಃ ಹೆಸರಾಂತ ವೈದ್ಯರು. ಹೊಸ ಭೌತವಿಜ್ಞಾನ ವಿಭಾಗವನ್ನು ಕಟ್ಟಿಕೊಡಿ ಎಂದು ಅವರು ಬೆಂಗಳೂರಿನಲ್ಲಿದ್ದ ಸರ್ ಸಿ. ವಿ. ರಾಮನ್ ಅವರನ್ನು ಕೇಳಿದರು. ರಾಮನ್ ತಾವು ಬರಲಿಲ್ಲ, ತಮ್ಮ ಶಿಷ್ಯ ಜಿ. ಎನ್. ರಾಮಚಂದ್ರನ್ ಅವರ ಹೆಸರು ಹೇಳಿದರು. ರಾಮಚಂದ್ರನ್ ಹುಟ್ಟಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜಾಸ್ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದ ಹುಡುಗನನ್ನು ರಾಮನ್ ತಮ್ಮ ವಿಭಾಗಕ್ಕೆ ಎಳೆದುಕೊಂಡರು. ಆಮೇಲೆ ಕೇಂಬ್ರಿಜ್‌ನ ಕ್ಯಾವೆಂಡಿಶ್ ಪ್ರಯೋಗಾಲಯದಲ್ಲಿ ಎರಡು ವರ್ಷ, ಮತ್ತೆ ಬೆಂಗಳೂರು. ಮದರಾಸಿನಲ್ಲಿ ವಿಭಾಗದ ಮುಖ್ಯಸ್ಥರಾದಾಗ ಅವರಿಗೆ ಮೂವತ್ತರ ಆಸುಪಾಸು.

ಬಂದವರು ಮೊದಲು ಒಂದು ಎಕ್ಸ್-ರೇ ಪ್ರಯೋಗಾಲಯ ಕಟ್ಟಿಕೊಂಡರು. ಅದೇ ವರ್ಷ ಲಂಡನ್ನಿನ ವಿಜ್ಞಾನಿ ಜೆ. ಡಿ. ಬರ್ನಾಲ್ ಮದರಾಸಿಗೆ ಬಂದಿದ್ದರು. ಕೊಲಾಜೆನ್ ಎಂಬ ಪ್ರೋಟೀನಿನ ರಚನೆ ಇನ್ನೂ ಬಗೆಹರಿದಿಲ್ಲ, ಮುಂದಿಟ್ಟ ಮಾದರಿಗಳಲ್ಲಿ ಒಂದೂ ಒಪ್ಪುವಂತಿಲ್ಲ ಎಂದು ಮಾತಿನ ನಡುವೆ ಅವರು ಹೇಳಿದ್ದು ರಾಮಚಂದ್ರನ್ ಅವರ ತಲೆಯಲ್ಲಿ ಕೂತಿತು. ಕೊಲಾಜೆನ್ ನಮ್ಮ ದೇಹದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿರುವ ಪ್ರೋಟೀನು. ಚರ್ಮ, ಮೂಳೆ, ಸ್ನಾಯುರಜ್ಜು, ಕಣ್ಣಿನ ಕಾರ್ನಿಯ ಎಲ್ಲಕ್ಕೂ ಗಟ್ಟಿತನ ಕೊಡುವುದು ಅದೇ. ಚರ್ಮ ಹದಮಾಡುವ ಉದ್ಯಮಕ್ಕೂ ಅದೇ ಬಂಡವಾಳ. 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ಗಿಂಡಿಗೆ ಹತ್ತಿರ, ಅಡ್ಯಾರಿನಲ್ಲೇ ಇತ್ತು. ಆ ನೆರೆಹೊರೆಯ ನೆರವು ಸಿಕ್ಕಿತು. ಕಾಂಗರೂ ಬಾಲದ ಸ್ನಾಯುರಜ್ಜಿನಿಂದ ಒಳ್ಳೆಯ ಎಕ್ಸ್-ರೇ ಚಿತ್ರಗಳು ಬಂದವು. ಪ್ರಯೋಗದಲ್ಲಿ ಜೊತೆಯಾದವರು ಗೋಪಿನಾಥ್ ಕರ್ತಾ.

ಚಿತ್ರಗಳ ಜೊತೆಗೆ ಇನ್ನೊಂದು ಸುಳಿವೂ ಇತ್ತು. ಕೊಲಾಜೆನ್ನಿನಲ್ಲಿರುವ ಅಮೈನೋ ಆಮ್ಲಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಗ್ಲೈಸಿನ್. ಅದು ಅಮೈನೋ ಆಮ್ಲಗಳಲ್ಲೆಲ್ಲ ಚಿಕ್ಕದು. ಉಳಿದವುಗಳಿಗೆ ಪಕ್ಕದಲ್ಲಿ ಒಂದೊಂದು ಗುಂಪು ಚಾಚಿಕೊಂಡಿದ್ದರೆ, ಇದಕ್ಕೆ ಬರೇ ಒಂದು ಹೈಡ್ರೋಜನ್ ಪರಮಾಣು. ಮೂರರಲ್ಲೊಂದು ಎಂಬುದು ಕಾಕತಾಳೀಯವಲ್ಲ, ಸರಪಣಿಯಲ್ಲಿ ಪ್ರತಿ ಮೂರನೆಯ ಸ್ಥಾನವೂ ಗ್ಲೈಸಿನ್ನಿಗೇ ಮೀಸಲು ಎಂದು ರಾಮಚಂದ್ರನ್ ಮತ್ತು ಕರ್ತಾ ತರ್ಕಿಸಿದರು. ಮೂರು ಸರಪಣಿಗಳು ಒತ್ತೊತ್ತಾಗಿ ಸೇರಿದಾಗ ನಡುವೆ ಉಳಿಯುವ ಜಾಗ ಎಷ್ಟು ಇಕ್ಕಟ್ಟೆಂದರೆ, ಅಲ್ಲಿ ಗ್ಲೈಸಿನ್ ಬಿಟ್ಟು ಬೇರೆ ಯಾವುದೂ ಹಿಡಿಸುವುದಿಲ್ಲ. ಈ ಮಾದರಿ 1954ರ ಆಗಸ್ಟ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅದರಲ್ಲಿ ಒಂದು ಕೊರತೆ ಇತ್ತು. ಮೂರೂ ಸುರುಳಿಗಳು ನೇರವಾಗಿ ನಿಂತಿದ್ದವು. ಎಕ್ಸ್-ರೇ ಲೆಕ್ಕ ಪೂರ್ತಿ ತಾಳೆಯಾಗುತ್ತಿರಲಿಲ್ಲ. ಚಂದ್ರ ಭೂಮಿಯನ್ನು ಸುತ್ತುತ್ತ ಸದಾ ಒಂದೇ ಮುಖವನ್ನು ನಮ್ಮ ಕಡೆ ತಿರುಗಿಸಿಕೊಂಡಿರುವುದನ್ನು ಯೋಚಿಸುವಾಗ ರಾಮಚಂದ್ರನ್ ಅವರಿಗೆ ದಾರಿ ಹೊಳೆಯಿತೆಂದು ಅವರನ್ನು ಬಲ್ಲವರು ಹೇಳುತ್ತಾರೆ. ಪ್ರತಿ ಸರಪಣಿಯೂ ನಡುವಿನ ಅಕ್ಷವನ್ನು ಸುತ್ತುತ್ತ ತನ್ನ ಗ್ಲೈಸಿನ್ ಮುಖವನ್ನು ಒಳಕ್ಕೇ ಇಟ್ಟುಕೊಂಡರೆ ಸರಿ. ಹಾಗೆ ಮೂರೂ ಒಂದನ್ನೊಂದು ಸುತ್ತಿಕೊಂಡು, ಮುಪ್ಪುರಿ ಹಗ್ಗದಂತೆ ಹೊಸೆದುಕೊಂಡ ಮಾದರಿ 1955ರಲ್ಲಿ ಬಂತು.

ಜಗಳ ಶುರುವಾದದ್ದು ಆಮೇಲೆ. ಅದೇ ವರ್ಷ ಅಲೆಗ್ಸಾಂಡರ್ ರಿಚ್ ಮತ್ತು ಫ್ರಾನ್ಸಿಸ್ ಕ್ರಿಕ್ ತಮ್ಮದೊಂದು ಮಾದರಿ ಕೊಟ್ಟು, ಮದರಾಸಿನ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಹತ್ತಿರ ಬಂದಿವೆ ಎಂದು ಆಕ್ಷೇಪಿಸಿದರು. ಹೈಡ್ರೋಜನ್ ಬಂಧಗಳ ಎಣಿಕೆಯಲ್ಲೂ ಭಿನ್ನಮತ: ಮೂರು ಘಟಕಗಳಿಗೆ ಮದರಾಸಿನವರು ಎರಡು ಎಂದರೆ ರಿಚ್ ಮತ್ತು ಕ್ರಿಕ್ ಒಂದೇ ಎಂದರು. ಎಣಿಕೆಯಲ್ಲಿ ಕೊನೆಗೆ ಗೆದ್ದದ್ದು ರಿಚ್ ಮತ್ತು ಕ್ರಿಕ್. ಮೂರೆಳೆ, ಹುರಿ, ಒಳಗಡೆ ಗ್ಲೈಸಿನ್ ಎಂಬ ಮೂಲ ಕಟ್ಟು ಮಾತ್ರ ಗಿಂಡಿಯದೇ ಆಗಿ ಉಳಿಯಿತು.

ಆಕ್ಷೇಪಕ್ಕೆ ರಾಮಚಂದ್ರನ್ ಕೊಟ್ಟ ಉತ್ತರವೇ ವಿಭಾಗದ ಎರಡನೆಯ ದೊಡ್ಡ ಕೆಲಸ. ಪರಮಾಣುಗಳು ನಿಜವಾಗಿ ಎಷ್ಟು ಹತ್ತಿರ ಬರಬಲ್ಲವು? ಅಲ್ಲಿಯವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳನ್ನೆಲ್ಲ ತೆಗೆದು ಅಂತರಗಳನ್ನು ಪಟ್ಟಿ ಮಾಡಿದರು. ಪ್ರೋಟೀನು ಸರಪಣಿಯ ಪ್ರತಿ ಕೀಲಿನಲ್ಲೂ ತಿರುಗಬಲ್ಲ ಕೋನಗಳು ಮುಖ್ಯವಾಗಿ ಎರಡೇ, ಫೈ ಮತ್ತು ಸೈ. ಒಂದನ್ನು ಅಡ್ಡಕ್ಕೂ ಇನ್ನೊಂದನ್ನು ಉದ್ದಕ್ಕೂ ಗುರುತಿಸಿ, ಯಾವ ಜೋಡಿಗಳಲ್ಲಿ ಪರಮಾಣುಗಳು ಡಿಕ್ಕಿಯಾಗುವುದಿಲ್ಲವೆಂದು ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಸೇರಿ ಲೆಕ್ಕ ಹಾಕಿದರು. ನಕ್ಷೆಯ ಬಹುಭಾಗ ನಿಷಿದ್ಧ ಪ್ರದೇಶವಾಯಿತು. 1963ರಲ್ಲಿ ‘ಜರ್ನಲ್ ಆಫ್ ಮಾಲಿಕ್ಯುಲರ್ ಬಯಾಲಜಿ’ಯ ಐದೇ ಪುಟಗಳಲ್ಲಿ ಪ್ರಕಟವಾದ ಈ ರಾಮಚಂದ್ರನ್ ನಕ್ಷೆ ಇಂದು ಜೀವರಸಾಯನದ ಪಠ್ಯಪುಸ್ತಕಗಳಲ್ಲೆಲ್ಲ ಇದೆ. ಲೋಕದ ಯಾವ ಮೂಲೆಯಲ್ಲಿ ಹೊಸ ಪ್ರೋಟೀನು ರಚನೆ ಸಿದ್ಧವಾದರೂ ಅದು ಸರಿಯಿದೆಯೇ ಎಂದು ಒರೆಹಚ್ಚುವುದು ಇದರ ಮೇಲೆಯೇ. ಕಂಪ್ಯೂಟರು ಊಹಿಸಿಕೊಟ್ಟ ರಚನೆಗೂ ಇದೇ ಪರೀಕ್ಷೆ. ಆ ದಿನಗಳಲ್ಲಿ ವಿಭಾಗ ಯುಜಿಸಿಯ ಉನ್ನತ ಅಧ್ಯಯನ ಕೇಂದ್ರವಾಯಿತು. 1963 ಮತ್ತು 1967ರ ಜನವರಿಗಳಲ್ಲಿ ಇಲ್ಲಿ ನಡೆದ ಅಂತರರಾಷ್ಟ್ರೀಯ ಸಮ್ಮೇಳನಗಳಿಂದ ಮದರಾಸು ಈ ವಿದ್ಯೆಯ ಕೇಂದ್ರಗಳಲ್ಲೊಂದು ಎನಿಸಿಕೊಂಡಿತು.

ಇನ್ನು ಕಾಯಿಲೆಯ ಮಾತು. ಕೆಲವು ಮಕ್ಕಳಿಗೆ ಸಣ್ಣಪುಟ್ಟ ಪೆಟ್ಟಿಗೂ ಮೂಳೆ ಮುರಿಯುತ್ತದೆ. ಕಣ್ಣಿನ ಬಿಳಿಭಾಗ ನಸುನೀಲಿಯಾಗಿರುವುದೂ ಉಂಟು. ಆಸ್ಟಿಯೋಜೆನಿಸಿಸ್ ಇಂಪರ್ಫೆಕ್ಟಾ ಎಂಬ ಈ ಪೆಡಸು ಮೂಳೆ ರೋಗದ ಬೇರು 1980ರ ದಶಕದಲ್ಲಿ ಸಿಕ್ಕಿತು. ಮೂಳೆಯ ಕೊಲಾಜೆನ್ನಿಗೆ ಎರಡು ವಂಶವಾಹಿಗಳು: 17ನೆಯ ವರ್ಣತಂತುವಿನಲ್ಲಿ ಒಂದು, 7ನೆಯದರಲ್ಲಿ ಇನ್ನೊಂದು. ತೀವ್ರ ರೋಗಿಗಳಲ್ಲಿ ಮತ್ತೆ ಮತ್ತೆ ಕಂಡದ್ದು ಒಂದೇ ಬಗೆಯ ದೋಷ. ಸಾವಿರದಷ್ಟು ಅಮೈನೋ ಆಮ್ಲಗಳ ಸರಪಣಿಯಲ್ಲಿ ಒಂದೇ ಒಂದು ಗ್ಲೈಸಿನ್ ಹೋಗಿ, ಆ ಜಾಗಕ್ಕೆ ದೊಡ್ಡದೊಂದು ಬಂದು ಕೂತಿರುತ್ತಿತ್ತು. ಅಲ್ಲಿ ಬೇರೇನೂ ಹಿಡಿಸದು ಎಂದು ಗಿಂಡಿಯಲ್ಲಿ ಮೂವತ್ತು ವರ್ಷ ಮೊದಲೇ ಹೇಳಿದ್ದರಲ್ಲ, ಅದನ್ನೇ ಈಗ ಮುರಿದ ಮೂಳೆಗಳು ಹೇಳುತ್ತಿದ್ದವು.

ಲೆಕ್ಕ ನೋಡಿ. ಈ ಕೊಲಾಜೆನ್ನಿನ ಮೂರೆಳೆಗಳಲ್ಲಿ ಎರಡು 17ನೆಯ ವರ್ಣತಂತುವಿನ ವಂಶವಾಹಿಯಿಂದ ಬರುತ್ತವೆ. ಆ ವಂಶವಾಹಿಗೆ ತಾಯಿಯದೊಂದು, ತಂದೆಯದೊಂದು ಎಂದು ಎರಡು ಪ್ರತಿಗಳು. ಒಂದು ಪ್ರತಿ ಕೆಲಸವನ್ನೇ ಮಾಡದಿದ್ದರೆ ಕೊಲಾಜೆನ್ ಅರ್ಧಕ್ಕಿಳಿಯುತ್ತದೆ, ಆದರೆ ಆದದ್ದೆಲ್ಲ ಒಳ್ಳೆಯದೇ, ರೋಗ ಸೌಮ್ಯ. ಅದೇ ಪ್ರತಿ ಕೆಟ್ಟ ಎಳೆಯನ್ನು ತಯಾರಿಸಿ ಕಳಿಸಿದರೆ, ಎರಡೂ ಎಳೆ ಒಳ್ಳೆಯವಾಗಿ ಸೇರುವುದು ನಾಲ್ಕರಲ್ಲಿ ಒಂದು ಸಲ ಮಾತ್ರ. ಮುಕ್ಕಾಲು ಪಾಲು ಹುರಿಗಳು ಹಾಳು. ಇಲ್ಲದಿರುವುದಕ್ಕಿಂತ ಕೆಟ್ಟದ್ದು ಬೆರೆಯುವುದೇ ಹೆಚ್ಚು ಅಪಾಯ ಎಂಬುದನ್ನು ರಚನೆ ಗೊತ್ತಿಲ್ಲದೆ ತಿಳಿಯುವಂತಿರಲಿಲ್ಲ. 1994ರಲ್ಲಿ ಅಮೆರಿಕದ ಹೆಲೆನ್ ಬರ್ಮನ್, ಬಾರ್ಬರಾ ಬ್ರಾಡ್ಸ್ಕಿ ಮತ್ತು ಸಂಗಡಿಗರು ಒಂದು ಗ್ಲೈಸಿನ್ ಬದಲು ಅಲನಿನ್ ಇದ್ದ ಪುಟ್ಟ ಕೊಲಾಜೆನ್ ತುಣುಕನ್ನು ಸ್ಫಟಿಕ ಮಾಡಿ ನೋಡಿದರು. ಆ ಜಾಗದಲ್ಲಿ ಹುರಿ ಸಡಿಲಗೊಂಡು ನೀರಿನ ಅಣುಗಳು ಒಳನುಗ್ಗಿದ್ದವು.

ಮೂತ್ರಪಿಂಡ ಮತ್ತು ಕಿವಿಗೆ ಕುತ್ತಾಗುವ ಆಲ್ಪೋರ್ಟ್ ರೋಗವೂ ಇನ್ನೊಂದು ಬಗೆಯ ಕೊಲಾಜೆನ್ನಿನ ದೋಷವೇ. ಪೆಡಸು ಮೂಳೆ ರೋಗದ ವಿಷಯದಲ್ಲಿ ತಂದೆತಾಯಿಗಳು ತಿಳಿದಿರಬೇಕಾದ್ದು ಎರಡು. ತೀವ್ರ ರೂಪದಲ್ಲಿ ಬಹುಪಾಲು ದೋಷ ಮಗುವಿನಲ್ಲೇ ಹೊಸದಾಗಿ ಹುಟ್ಟಿದ್ದು. ಅದು ಯಾರ ತಪ್ಪೂ ಅಲ್ಲ, ಬಸುರಿಯ ಊಟ ಉಪಚಾರದ ಕೊರತೆಯೂ ಅಲ್ಲ. ಆದರೆ ಎರಡೂ ಪ್ರತಿಗಳು ಕೆಟ್ಟಾಗಲೇ ಬರುವ ಕೆಲವು ವಿರಳ ರೂಪಗಳಿವೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆಯಾಗುವ ನಮ್ಮ ಮನೆತನಗಳಲ್ಲಿ ಅವುಗಳ ಸಂಭವ ಹೆಚ್ಚು. ಅಂಥ ಮನೆಗಳಲ್ಲಿ ತಳಿ ಸಲಹೆ ಪಡೆಯುವುದು ವಿವೇಕ.

1969ರಲ್ಲಿ ಮೊದಲಿಯಾರ್ ಕುಲಪತಿ ಹುದ್ದೆಯಿಂದ ಇಳಿದರು. ಸ್ವಲ್ಪ ಕಾಲಕ್ಕೆ ರಾಮಚಂದ್ರನ್ ಕೂಡ ಹೊರಟರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆಗಿನ ನಿರ್ದೇಶಕ ಸತೀಶ್ ಧವನ್ ಅವರ ಕರೆಯಂತೆ ಅಲ್ಲಿ 1971ರಲ್ಲಿ ಮಾಲಿಕ್ಯುಲರ್ ಬಯೋಫಿಸಿಕ್ಸ್ ಯೂನಿಟ್ ಆರಂಭವಾಯಿತು. ರಾಮಕೃಷ್ಣನ್, ಶಶಿಶೇಖರನ್ ಇಬ್ಬರೂ ಅಲ್ಲಿಗೆ ಬಂದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಜೊತೆ ರಾಮಚಂದ್ರನ್ ಪ್ರಕಟಿಸಿದ ಗಣಿತ ವಿಧಾನ ಸಿಟಿ ಸ್ಕ್ಯಾನಿನಲ್ಲಿ ಚಿತ್ರ ಕಟ್ಟುವುದಕ್ಕೆ ಬಳಕೆಯಾಯಿತು. 2001ರ ಏಪ್ರಿಲ್ 7ರಂದು ಅವರು ಚೆನ್ನೈನಲ್ಲೇ ತೀರಿಕೊಂಡರು. ಗಿಂಡಿಯ ವಿಭಾಗ ನಿಂತಿಲ್ಲ. ಪ್ರೋಟೀನು ರಚನೆಯ ಪಾಠ, ಸಂಶೋಧನೆ ಅಲ್ಲಿ ಮುಂದುವರಿದಿದೆ.

ಆ ವಿಭಾಗದಲ್ಲಿ ಯಾರೂ ಮೂಳೆರೋಗಕ್ಕೆ ಮದ್ದು ಹುಡುಕುತ್ತಿರಲಿಲ್ಲ. ಒಂದು ಆಕಾರವನ್ನು ಸರಿಯಾಗಿ ತಿಳಿಯಬೇಕೆಂದು ಹಟ ಹಿಡಿದಿದ್ದರು, ಅಷ್ಟೇ. ಆ ಹಟವನ್ನು ಸಾಕಿದವರು ಒಬ್ಬ ಗುರು, ಒಬ್ಬ ಕುಲಪತಿ, ಪಕ್ಕದ ಒಂದು ಚರ್ಮ ಸಂಶೋಧನಾಲಯ. ಚೆನ್ನೈನ ಕನ್ನಡ ಮನೆಗಳಲ್ಲಿ ಬೇಕಾದಷ್ಟು ಜಾಣ ಮಕ್ಕಳಿದ್ದಾರೆ. ಅವರಲ್ಲೊಬ್ಬರು ಎಂಜಿನಿಯರಿಂಗ್ ಬೇಡ, ಭೌತವಿಜ್ಞಾನವನ್ನೋ ಜೀವವಿಜ್ಞಾನವನ್ನೋ ಓದುತ್ತೇನೆ ಎಂದರೆ ಹಿರಿಯರು ಅಡ್ಡ ಬರಬೇಡಿ. ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಬಿಟ್ಟು ಬಂದ ಒಬ್ಬ ಹುಡುಗನಿಂದ ಈ ಊರಿಗೆ, ಲೋಕಕ್ಕೆ ಆದ ಲಾಭ ಸಣ್ಣದಲ್ಲ.