ಐರನ್ ಗುಳಿಗೆಗಿಂತ ಮೊದಲು ಕೇಳಬೇಕಾದದ್ದು

15ರಿಂದ 19 ವರ್ಷದ ಹುಡುಗಿಯರಲ್ಲಿ ದೇಶದ ಸುಮಾರು 59% ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿತು. ರೋಣ, ನರಗುಂದ, ಗಜೇಂದ್ರಗಡದಂಥ ತಾಲ್ಲೂಕುಗಳಲ್ಲಿ ಇದಕ್ಕೆ ಸಿಗುವ ಮೊದಲ ಉತ್ತರ ಐರನ್ ಗುಳಿಗೆ. ಗುಳಿಗೆ ತಪ್ಪಲ್ಲ. ಆದರೆ ರಕ್ತ ಕಡಿಮೆಯಾಗಿದೆ ಎಂದು ಅಳೆದವರು ಅದು ಎಲ್ಲಿ ಹೋಗುತ್ತಿದೆ ಎಂದು ಕೇಳುವುದು ಅಪರೂಪ. ಮೂಗಿನ ರಕ್ತಕ್ಕೆ ‘ಉಷ್ಣ’ ಎಂಬ ಕಾರಣ ಮನೆಯಲ್ಲೇ ಸಿದ್ಧವಿರುತ್ತದೆ. ಹತ್ತು ದಿನ ನಿಲ್ಲದ ಮುಟ್ಟಿಗೆ ‘ಅವರವ್ವನಿಗೂ ಹಾಂಗ ಇತ್ತು’ ಎಂಬ ಸಮಾಧಾನ. ವೈದ್ಯರ ಕಿವಿ ನೆಟ್ಟಗಾಗಬೇಕಾದದ್ದು ಈ ಎರಡನೆಯ ಮಾತಿಗೇ.

ರಕ್ತಸ್ರಾವದ ಕಾಯಿಲೆಗಳ ಶಾಸ್ತ್ರ ಬೆಳೆದದ್ದೇ ಅಂಥ ಮಾತುಗಳಿಂದ. 1924ರಲ್ಲಿ ಫಿನ್‌ಲೆಂಡಿನ ವೈದ್ಯ ಎರಿಕ್ ವಾನ್ ವಿಲ್ಲೆಬ್ರಾಂಡ್ ಓಲಾಂಡ್ ದ್ವೀಪಗಳ ಐದು ವರ್ಷದ ಹುಡುಗಿಯೊಬ್ಬಳನ್ನು ಪರೀಕ್ಷಿಸಿ, ಅವಳ ಬಂಧುಬಳಗವನ್ನೆಲ್ಲ ವಿಚಾರಿಸಿ, 1926ರಲ್ಲಿ ಹೊಸ ಕಾಯಿಲೆಯೊಂದನ್ನು ವರ್ಣಿಸಿದರು. ಆ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ, ನಾಲ್ಕನೆಯ ಮುಟ್ಟಿನ ರಕ್ತಸ್ರಾವದಲ್ಲಿ ತೀರಿಕೊಂಡಳು. ಆಮೇಲಿನ ದಶಕಗಳಲ್ಲಿ ಪ್ರಯೋಗಾಲಯದ ಕೈ ಮೇಲಾಯಿತು: 1971ರಲ್ಲಿ ಆ ಕಾಯಿಲೆ ಗುರುತಿಸುವ ರಿಸ್ಟೊಸೆಟಿನ್ ಪರೀಕ್ಷೆ, 1984ರಲ್ಲಿ ಹಿಮೊಫಿಲಿಯಾ ರೋಗಿಗಳಿಗೆ ಕೊರತೆಯಾಗುವ ಫ್ಯಾಕ್ಟರ್ 8ರ ಜೀನ್. ಚರ್ಮ ಗೀರಿ ರಕ್ತ ನಿಲ್ಲುವ ಸಮಯ ನೋಡುವ ಹಳೆಯ ಪದ್ಧತಿ ನಂಬಿಕೆ ಕಳೆದುಕೊಂಡಿತು. 2010ರಲ್ಲಿ ತಜ್ಞರ ಅಂತರರಾಷ್ಟ್ರೀಯ ಸಂಘ ರಕ್ತಸ್ರಾವದ ಇತಿಹಾಸಕ್ಕೆ ಅಂಕ ಕೊಡುವ ಪ್ರಶ್ನಾವಳಿಯೊಂದನ್ನು ಹೊರಡಿಸಿತು. ಅಂದರೆ ಇಷ್ಟೆಲ್ಲ ಯಂತ್ರಗಳ ನಂತರವೂ ಶಾಸ್ತ್ರ ವಿಚಾರಣೆಯನ್ನು ಬಿಡಲಿಲ್ಲ. ನಮ್ಮಲ್ಲಿ ದಾವಣಗೆರೆಯ ಕರ್ನಾಟಕ ಹಿಮೊಫಿಲಿಯಾ ಸೊಸೈಟಿಯಂಥ ಸಂಸ್ಥೆಗಳಿಂದ ಹುಡುಗರ ಕೀಲು ಊತ ಜನರ ಗಮನಕ್ಕೆ ಬಂದಿದೆ. ಹುಡುಗಿಯರ ಸರದಿ ಇನ್ನೂ ಹಿಂದಿದೆ.

ಪ್ಲೇಟ್‌ಲೆಟ್ ಎಣಿಕೆ, ರಕ್ತ ಹೆಪ್ಪುಗಟ್ಟುವ ಸಮಯ ನೋಡುವ ಪಿಟಿ, ಎಪಿಟಿಟಿ ನಾರ್ಮಲ್ ಬಂದರೆ ಸಾಲದೇ ಎಂದು ಕೇಳಬಹುದು. ಸಾಲದು. ಸೌಮ್ಯ ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಮೂರೂ ಸರಿಯಿರಬಲ್ಲವು. ಗ್ಲಾಂಜ್‌ಮನ್ ಕಾಯಿಲೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಿದ್ದೂ ಅವು ಒಂದಕ್ಕೊಂದು ಅಂಟುವುದಿಲ್ಲ. ಅಕ್ಕನ ಮಗಳನ್ನೋ ಸೋದರತ್ತೆಯ ಮಗಳನ್ನೋ ತರುವ ಸೀಮೆಯಲ್ಲಿ ಇಂಥ, ತಂದೆ ತಾಯಿ ಎರಡೂ ಕಡೆಯಿಂದ ಬರುವ ದೋಷಗಳನ್ನು ಮರೆಯುವಂತಿಲ್ಲ. ದೂರದ ಊರಿಗೆ ಇನ್ನೊಂದು ಅಪಾಯವಿದೆ, ಅದು ಐಸ್ ಡಬ್ಬಿ. ಗಜೇಂದ್ರಗಡದಲ್ಲಿ ತೆಗೆದ ರಕ್ತವನ್ನು ಪ್ಲಾಸ್ಮಾ ಬೇರ್ಪಡಿಸದೆ ಐಸಿನಲ್ಲಿಟ್ಟು ಹುಬ್ಬಳ್ಳಿಗೆ ಕಳಿಸಿದರೆ ದಾರಿಯಲ್ಲೇ, ವಾನ್ ವಿಲ್ಲೆಬ್ರಾಂಡ್ ಕಾಯಿಲೆಯಲ್ಲಿ ಕೊರತೆಯಾಗುವ ಪ್ರೋಟೀನ್ ಕುಸಿದು, ಇಲ್ಲದ ಕಾಯಿಲೆ ವರದಿಯಲ್ಲಿ ಕಾಣಿಸಬಹುದು. ಜ್ವರ, ಭಯ, ಗರ್ಭಧಾರಣೆ ಆ ಪ್ರೋಟೀನನ್ನು ಏರಿಸಿ ಇರುವ ಕಾಯಿಲೆಯನ್ನು ಮುಚ್ಚುತ್ತವೆ. ಹುಡುಗಿಯೇ ಹುಬ್ಬಳ್ಳಿಗೆ ಹೋಗಿ ರಕ್ತ ಕೊಡುವುದು, ಅನುಮಾನವಿದ್ದರೆ ಮತ್ತೊಮ್ಮೆ ಕೊಡುವುದು ಲೇಸು.

ಮೈನೆರೆದ ಮೊದಲ ವರ್ಷಗಳಲ್ಲಿ ಮುಟ್ಟು ಏರುಪೇರಾಗುವುದು ಸಹಜವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಹಾಗೆಂದೇ ಅಳತೆ ಬೇಕು: ಏಳು ದಿನ ಮೀರಿತೇ, ಗಂಟೆಗೊಂದು ಪ್ಯಾಡ್ ತೊಯ್ಯುತ್ತದೆಯೇ, ಹಲ್ಲು ಕಿತ್ತಾಗ ರಕ್ತ ನಿಂತಿತೇ, ಅವ್ವನ ಹೆರಿಗೆಯಲ್ಲಿ ಏನಾಯಿತು? ಕಾಯಿಲೆಯ ಹೆಸರು ಅಂಟಿದರೆ ಮದುವೆ ಕೂಡಿಬರದು ಎಂಬ ಅಂಜಿಕೆ ಇನ್ನೂ ಗಟ್ಟಿಯಾದದ್ದು. ಆದರೆ ಗುಟ್ಟಾಗಿಟ್ಟ ಕಾಯಿಲೆ ಮೊದಲ ಹೆರಿಗೆಯಲ್ಲಿ ಹೊರಬಿದ್ದರೆ ಅದರ ಬೆಲೆ ಬೇರೆ. ದುಬಾರಿ ಫ್ಯಾಕ್ಟರ್ ಇಂಜೆಕ್ಷನ್ ಎಲ್ಲರಿಗೂ ಬೇಕಿಲ್ಲ. ಜಪಾನಿನಲ್ಲಿ 1962ರಲ್ಲಿ ಕಂಡುಹಿಡಿದ ಟ್ರಾನೆಕ್ಸಾಮಿಕ್ ಆಸಿಡ್ ಗುಳಿಗೆ, ವೈದ್ಯರು ಬರೆದುಕೊಟ್ಟರೆ, ತಾಲ್ಲೂಕಿನ ಔಷಧಿ ಅಂಗಡಿಯಲ್ಲೇ ಸಿಗುವಂಥದ್ದು. ಜೊತೆಗೆ ಆಸ್ಪಿರಿನ್, ಐಬುಪ್ರೊಫೆನ್ ದೂರವಿಡಬೇಕು, ಸೊಂಟದ ಇಂಜೆಕ್ಷನ್ ಬೇಡವೆನ್ನಬೇಕು, ಹಲ್ಲು ಕೀಳುವ ಮೊದಲೇ ದಂತವೈದ್ಯರಿಗೆ ಕಾಯಿಲೆಯ ಚೀಟಿ ತೋರಿಸಬೇಕು. ಐರನ್ ಗುಳಿಗೆಯೂ ನಡೆಯಲಿ, ಸೋರುವುದನ್ನು ತಡೆದ ಮೇಲೆ ಅದೂ ಮೈಗೆ ಹತ್ತುತ್ತದೆ.