ವಕ್ರರೇಖೆಯ ಇಳಿಜಾರು

ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವನ್ನೇರಿ ಪಡುವಣ ಕಡಲನ್ನು ನೋಡಿದವರಿಗೆ ನೀರೂ ಬಾನೂ ಕೂಡುವ ಗೆರೆಯು ಪರಿಚಿತವಾದುದೇ. ಕಣ್ಣು ನೀರಿನ ಮಟ್ಟದಿಂದ 27 ಮೀಟರು ಮೇಲಿದ್ದರೆ ಆ ಗೆರೆಯು ಸುಮಾರು 18½ ಕಿಲೋಮೀಟರು ದೂರದಲ್ಲಿರುತ್ತದೆ. ಅಲ್ಲಿ ನಮ್ಮ ದೃಷ್ಟಿಯು ಭೂಗೋಲವನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಮುಂದೆ ಸಾಗುವುದು. ಇಂತಹ ಗೆರೆಯನ್ನು ಗಣಿತಜ್ಞರು ಸ್ಪರ್ಶರೇಖೆಯೆನ್ನುವರು. ವೃತ್ತವಾದರೆ ತೊಡಕಿಲ್ಲ, ಸ್ಪರ್ಶರೇಖೆಯು ತ್ರಿಜ್ಯಕ್ಕೆ ಲಂಬವೆಂದು ಯೂಕ್ಲಿಡನೇ ತೋರಿಸಿದ್ದಾನೆ. ಬೇರೆ ವಕ್ರರೇಖೆಗಳಿಗೆ ಮಾಡುವುದೇನು?

1638ರಲ್ಲಿ ಫ್ರಾನ್ಸಿನ ದೇಕಾರ್ತನು ಫರ್ಮಾನಿಗೆ ಒಡ್ಡಿದ ಸವಾಲು ಇದೇ. ಅಡ್ಡದ ಅಳತೆಯನ್ನು ‘ಅ’ ಎಂದೂ ಎತ್ತರವನ್ನು ‘ಎ’ ಎಂದೂ ಕರೆಯೋಣ. ಇವೆರಡರ ಘನಗಳ ಮೊತ್ತವು ಇವುಗಳ ಗುಣಲಬ್ಧದ ಒಂದು ನಿಯತ ಪಟ್ಟು, 6 ಪಟ್ಟೆನ್ನೋಣ, ಆಗಿರತಕ್ಕದ್ದು. ಆಗ ಎಲೆಯಾಕಾರದ ಒಂದು ಕುಣಿಕೆ ಮೂಡುತ್ತದೆ. ಇಲ್ಲಿ ‘ಎ’ಯನ್ನು ಬೇರ್ಪಡಿಸಿ ಬರೆಯುವುದು ಬಹು ತ್ರಾಸದ ಕೆಲಸ. ಫರ್ಮಾನು ಆ ಗೋಜಿಗೆ ಹೋಗದೆಯೇ ಸ್ಪರ್ಶರೇಖೆಯನ್ನು ಕಂಡುಹಿಡಿದನು. ಕಾರ್ಕಳದ ಗೊಮ್ಮಟನ ಬೆಟ್ಟವನ್ನು ಹತ್ತುವವನಿಗೆ ಕಾಲ ಕೆಳಗಿನ ಇಳಿಜಾರನ್ನು ತಿಳಿಯಲು ಇಡೀ ಬಂಡೆಯ ಆಕಾರವು ಬೇಕಿಲ್ಲವಷ್ಟೆ! ‘ಅ’ ಅತ್ಯಲ್ಪವಾಗಿ ಬದಲಾದರೆ ಸಮೀಕರಣವು ಕೆಡದಂತೆ ‘ಎ’ ಎಷ್ಟು ಬದಲಾಗಬೇಕೆಂದು ಕೇಳಿದರೆ ಸಾಕು. ಉತ್ತರವಿದು: 2ಎಯಿಂದ ‘ಅ’ದ ವರ್ಗವನ್ನು ಕಳೆದು, ಬಂದುದನ್ನು ‘ಎ’ಯ ವರ್ಗದಿಂದ 2ಅ ಕಳೆದುದರಿಂದ ಭಾಗಿಸಬೇಕು. ಎರಡೂ 3 ಆಗಿರುವಲ್ಲಿ ಇಳಿಜಾರು ಋಣ 1. ಚಿತ್ರವನ್ನು ನೋಡಿಯೇ ಇದನ್ನು ಊಹಿಸಬಹುದು. ಆದರೆ ‘ಅ’ 4/3, ‘ಎ’ 8/3 ಇರುವಲ್ಲಿ ಊಹೆಯು ಸಾಲದು. ಲೆಕ್ಕವು 4/5 ಎನ್ನುತ್ತದೆ.

ಸ್ಲೂಜನು 1673ರಲ್ಲಿ ಇಂತಹ ರೇಖೆಗಳಿಗೆಲ್ಲ ಒಂದು ನಿಯಮವನ್ನು ಪ್ರಕಟಿಸಿದನು. 1684ರಲ್ಲಿ ಲೈಬ್‌ನಿಟ್ಸನ ಪ್ರಸಿದ್ಧ ಲೇಖನ ಬಂದಿತು. ಮಣಿಪಾಲದ ಇಂಜಿನಿಯರಿಂಗ್ ವಿದ್ಯಾರ್ಥಿಯು ಇದನ್ನೇ ಅವ್ಯಕ್ತ ಅವಕಲನವೆಂದು ಮೂರು ಸಾಲಿನಲ್ಲಿ ಮುಗಿಸುತ್ತಾನೆ.

ಇನ್ನು ನಮ್ಮ ನಾಡಿನ ಮಾತು. ಏಕಾದಶಿಯ ಉಪವಾಸವನ್ನು ನಿಷ್ಠೆಯಿಂದ ಆಚರಿಸುವ ಉಡುಪಿಯಲ್ಲಿ ತಿಥಿಯು ಯಾವ ಗಳಿಗೆಗೆ ಮುಗಿಯುವುದೆಂಬುದು ಸಣ್ಣ ವಿಷಯವಲ್ಲ. ಅದು ಚಂದ್ರನ ವೇಗವನ್ನು ಅವಲಂಬಿಸಿದೆ. ಆ ವೇಗವೋ ಕ್ಷಣಕ್ಷಣಕ್ಕೂ ಬೇರೆ. ಆದುದರಿಂದಲೇ ಭಾಸ್ಕರಾಚಾರ್ಯರು 1150ರ ‘ಸಿದ್ಧಾಂತಶಿರೋಮಣಿ’ಯಲ್ಲಿ ಚಂದ್ರನಿಗೆ ತಾತ್ಕಾಲಿಕ ಗತಿಯನ್ನು ಬಳಸಬೇಕೆಂದರು. ಇದೇ ಪಶ್ಚಿಮ ಕರಾವಳಿಯಲ್ಲಿ, ಉಡುಪಿಗೆ ತೆಂಕಣದ ಮಲೆಯಾಳ ದೇಶದಲ್ಲಿ, ನೀಲಕಂಠ ಸೋಮಯಾಜಿಗಳು 1500ರ ಸುಮಾರಿಗೆ ‘ತಂತ್ರಸಂಗ್ರಹ’ವನ್ನು ರಚಿಸಿದರು. ಗ್ರಹದ ಮಧ್ಯಮ ಸ್ಥಾನಕ್ಕೆ ಮಾಡುವ ತಿದ್ದುಪಡಿಗೆ ಮಂದಫಲವೆಂದು ಹೆಸರು. ಅದರ ಜ್ಯಾ ಎಷ್ಟೆಂಬುದು ಗೊತ್ತು, ಮಂದಫಲವು ಮಾತ್ರ ಆ ಜ್ಯಾದೊಳಗೆ ಅಡಗಿದೆ. ಅದು ಎಷ್ಟು ವೇಗವಾಗಿ ಬದಲಾಗುವುದೆಂಬುದಕ್ಕೆ ಅವರು ಕೊಟ್ಟ ಸೂತ್ರವು ಇಂದಿನ ಅವಕಲನದಿಂದ ಬರುವ ಉತ್ತರಕ್ಕೆ ಸರಿಯಾಗಿ ಹೊಂದುತ್ತದೆ.

ಇದರಿಂದ ಪಾಶ್ಚಾತ್ಯರ ಗಣಿತವೆಲ್ಲವೂ ನಮ್ಮಲ್ಲಿ ಮೊದಲೇ ಇದ್ದಿತೆಂದು ಬೀಗುವವರನ್ನು ನಾವು ಒಪ್ಪಲಾರೆವು. ಯಾವ ವಕ್ರರೇಖೆಗಾದರೂ ಸಲ್ಲುವ ನಿಯಮವನ್ನು ನೀಲಕಂಠರು ಹುಡುಕಲಿಲ್ಲ. ಅವರಿಗೆ ಬೇಕಾಗಿದ್ದುದು ಚಂದ್ರನ ಗತಿ. ದೇಕಾರ್ತನ ಎಲೆಗಾದರೋ ಪಂಚಾಂಗದಲ್ಲಿ ಯಾವ ಕೆಲಸವೂ ಇರಲಿಲ್ಲ.