18 ತುಂಬಿ ಬಾಲಮಂದಿರ ಬಿಟ್ಟವರು: ಮಾಹಿತಿ ಯಾರಿಗೆ ತಲುಪಬೇಕು?

ಬಾಲಮಂದಿರದಲ್ಲಿ ಬೆಳೆದವರು 18 ತುಂಬಿದ ಮೇಲೆ ಹೊರಬರಬೇಕು. ಹೋಗೋಕೆ ಮನೆಯಿಲ್ಲ, ಕೈಯಲ್ಲಿ ಕಾಸಿಲ್ಲ ಅಂದ್ರೆ ಮುಂದೇನು? ಇಂಥವರಿಗಾಗಿಯೇ ಇರುವುದು ಅನುಪಾಲನಾ ಸೌಲಭ್ಯ.

ಏನು ಸಿಗುತ್ತೆ?
2015ರ ಬಾಲನ್ಯಾಯ ಕಾಯ್ದೆಯ 46ನೇ ಸೆಕ್ಷನ್‌ನಲ್ಲಿ ಹಣಕಾಸಿನ ನೆರವಿಗೆ ಅವಕಾಶವಿದೆ. ನೆರವು 21 ವರ್ಷದವರೆಗೆ, ವಿಶೇಷ ಸಂದರ್ಭದಲ್ಲಿ 23ರವರೆಗೆ. ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ತಿಂಗಳಿಗೆ 4,000 ರೂ. ನಿಗದಿಯಾಗಿದೆ.

ಯಾರು ಯಾರಿಗೆ ತಿಳಿಸಬೇಕು?
ಹೊರಡುವ 2 ತಿಂಗಳ ಮೊದಲೇ ಪರಿವೀಕ್ಷಣಾಧಿಕಾರಿ ಅಥವಾ ಮಕ್ಕಳ ಕಲ್ಯಾಣಾಧಿಕಾರಿ ಮುಂದಿನ ಯೋಜನೆ ಬರೆದು ಮಕ್ಕಳ ಕಲ್ಯಾಣ ಸಮಿತಿಗೆ ಅಥವಾ ಬಾಲನ್ಯಾಯ ಮಂಡಳಿಗೆ ಕೊಡಬೇಕು ಎನ್ನುತ್ತದೆ ಕೇಂದ್ರದ 2016ರ ಮಾದರಿ ನಿಯಮ. ವಾಸ, ಓದು, ಕೆಲಸಕ್ಕೆ ಬೇಕಾದ ವಿವರ ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಕೈಯಲ್ಲೂ ಇರಬೇಕು. ಕಡತ ಒಂದೇ ಮೇಜಿನ ಮೇಲೆ ಕೂತರೆ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಮಲಗಬೇಕಾಗುತ್ತೆ.

ಯಾರಿಗೆ ಹೇಳಬಾರದು?
ಊರಿಗೆಲ್ಲ ಹೇಳುವ ವಿಷಯ ಇದಲ್ಲ. ಕಾಯ್ದೆಯ ವ್ಯಾಪ್ತಿಗೆ ಬಂದ ಮಗುವಿನ ಗುರುತು ಬಹಿರಂಗಪಡಿಸುವುದು 74ನೇ ಸೆಕ್ಷನ್ ಪ್ರಕಾರ ಅಪರಾಧ: 6 ತಿಂಗಳವರೆಗೆ ಜೈಲು, 2 ಲಕ್ಷ ರೂ.ವರೆಗೆ ದಂಡ ಅಥವಾ ಎರಡೂ.

ಅಂಗಡಿಯವರು ಏನು ಮಾಡಬಹುದು?
ಕೆಲಸಕ್ಕೆ ಬಂದವರು ಬಾಲಮಂದಿರದಲ್ಲಿ ಬೆಳೆದವರು ಅಂತ ಗೊತ್ತಾದರೆ ಫೋಟೊ, ಹಿನ್ನೆಲೆ ಯಾವುದನ್ನೂ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ನೆರವು ಬೇಕಾ ಅಂತ ಅವರನ್ನೇ ಕೇಳಿ, ಒಪ್ಪಿದರೆ ತಾಲ್ಲೂಕಿನ ಸಿಡಿಪಿಒ ಕಚೇರಿಗೆ ಅಥವಾ ಜಿಲ್ಲಾ ಘಟಕಕ್ಕೆ ತಿಳಿಸಿ. ತುರ್ತಿದ್ದರೆ 112, ಮಹಿಳೆಯರಿಗೆ 181, 18ರೊಳಗಿನವರಿಗೆ 1098.